ಮಿನುಗುವುದು ಬೇರೆ, ಹೊಳೆಯುವುದು ಬೇರೆ, ಕೋರೈಸುವುದು ಬೇರೆ

ಸೋಡಾದ ಹಾಗೆ ಗುಳ್ಳೆ ಏಳುವ ನೀರಿಗೆ ಇಂಗ್ಲಿಷಿನಲ್ಲಿ ‘ಸ್ಪಾರ್ಕ್ಲಿಂಗ್ ವಾಟರ್’ ಎಂಬ ಹೆಸರಿದೆ. ಮೊಬೈಲಿನ ಅನುವಾದಕ್ಕೆ ಅದನ್ನು ಒಪ್ಪಿಸಿದರೆ ‘ಹೊಳೆಯುವ ನೀರು’ ಎಂದು ಬರುವುದುಂಟು. ಅವಸರದಲ್ಲಿ ಒಂದಕ್ಷರ ನುಂಗಿ ಓದಿದರೆ ‘ಹೊಳೆಯ ನೀರು’. ಅದನ್ನು ಬಾಟಲಿಯಲ್ಲಿ ತುಂಬಿ ಮಾರಬೇಕಿಲ್ಲ.

ತಪ್ಪು ಯಂತ್ರದ್ದಷ್ಟೇ ಅಲ್ಲ. ನಕ್ಷತ್ರಕ್ಕೂ ಚಾಕುವಿಗೂ ಬೆಂಕಿಗೂ ಬೋಳುತಲೆಗೂ ಒಂದೇ ‘ಹೊಳೆ’ ಹಚ್ಚುವ ಅಭ್ಯಾಸ ನಮ್ಮ ಬರವಣಿಗೆಯಲ್ಲೂ ಬೆಳೆಯುತ್ತಿದೆ. ಇನ್ನೊಂದು ತುದಿಯಲ್ಲಿ ಸಮಾರಂಭದ ವರದಿಗಳಿವೆ: ಅಲ್ಲಿ ವೇದಿಕೆ ಕಂಗೊಳಿಸುತ್ತದೆ, ನಟಿ ಮಿಂಚುತ್ತಾಳೆ, ದೀಪಗಳು ಕಣ್ಣು ಕೋರೈಸುತ್ತವೆ. ಯಾವ ಊರಿನ ಯಾವ ಸಮಾರಂಭಕ್ಕಾದರೂ ಇದೇ ಮೂರು ಕ್ರಿಯಾಪದ. ಬೆಳಕಿನ ಬಗ್ಗೆ ಕನ್ನಡದಲ್ಲಿರುವ ಪದಗಳನ್ನು ಎಣಿಸಲು ಎರಡು ಕೈಯ ಬೆರಳು ಸಾಲವು. ಅವು ಒಂದರ ಬದಲು ಇನ್ನೊಂದನ್ನು ಇಟ್ಟುಬಿಡಬಹುದಾದ ಪದಗಳೂ ಅಲ್ಲ. ಒಂದೊಂದೂ ಬೇರೆ ಬೇರೆ ಬಗೆಯ ಬೆಳಕನ್ನು ಹೇಳುತ್ತದೆ. ಆ ವ್ಯತ್ಯಾಸ ಯಾವುದು, ವಾಕ್ಯದಲ್ಲಿ ಪ್ರತಿಯೊಂದೂ ಹೇಗೆ ನಡೆದುಕೊಳ್ಳುತ್ತದೆ, ಎಲ್ಲಿ ಎಡವುತ್ತೇವೆ ಎಂಬುದು ಇಲ್ಲಿನ ವಿಷಯ.

ಪದ ಆರಿಸುವ ಮೊದಲು ಮೂರು ಪ್ರಶ್ನೆ

ಬೆಳಕು ವಸ್ತುವಿನ ಸ್ವಂತದ್ದೋ, ಬೇರೆ ಕಡೆಯಿಂದ ಬಿದ್ದು ಮರಳಿದ್ದೋ? ಅದು ನಿಂತ ಬೆಳಕೋ, ಏರಿಳಿಯುವ ಬೆಳಕೋ? ಆ ಬೆಳಕಿನಿಂದ ಕಣ್ಣಿಗೆ ಆಗುವುದೇನು: ಹಿತವೋ, ಬೆರಗೋ, ನೋವೋ?

ಕನ್ನಡದ ಬೆಳಕಿನ ಕ್ರಿಯಾಪದಗಳೆಲ್ಲ ಈ ಮೂರರಲ್ಲಿ ಯಾವುದಾದರೊಂದರ ಮೇಲೆ ಒತ್ತು ಹಾಕುತ್ತವೆ. ‘ಬೆಳಗು’ ಮೊದಲನೆಯದನ್ನು ನೋಡುತ್ತದೆ, ಉರಿಯುವ ದೀಪ ಅದಕ್ಕೆ ಮಾದರಿ. ‘ಹೊಳೆ’ ಕೂಡ ಅದನ್ನೇ ನೋಡುತ್ತದೆ, ಆದರೆ ಅದರ ಮಾದರಿ ತಿಕ್ಕಿದ ತಂಬಿಗೆ. ‘ಮಿನುಗು’, ‘ಮಿಂಚು’, ‘ಮಿಣುಕು’ ಎರಡನೆಯದರ ಕಡೆಗೆ. ‘ಕೋರೈಸು’, ‘ಕುಕ್ಕು’, ‘ಕಂಗೊಳಿಸು’ ಮೂರನೆಯದರ ಕಡೆಗೆ, ಅಂದರೆ ಅವುಗಳಿಗೆ ಕಣ್ಣು ಬೇಕೇ ಬೇಕು. ಗಡಿಗೆರೆಗಳು ಅಲ್ಲಲ್ಲಿ ಮಸುಕು ಎಂಬುದೂ ನಿಜ. ಸೂರ್ಯ ಬೆಳಗುತ್ತಾನೆ, ಹೊಳೆಯುತ್ತಾನೆ ಎಂದರೂ ಯಾರೂ ತಿದ್ದುವುದಿಲ್ಲ. ಆದರೆ ‘ಸೂರ್ಯ ಮಿನುಗುತ್ತಿದ್ದಾನೆ’ ಎಂದು ನೋಡಿ, ಕೇಳಿದವರು ನಕ್ಕುಬಿಡುತ್ತಾರೆ.

ಹೊಳೆ: ಮೇಲ್ಮೈಯ ಬೆಳಕು

ಹಳಗನ್ನಡದ ‘ಪೊಳೆ’ಯೇ ಇಂದಿನ ‘ಹೊಳೆ’. ‘ಪಾಲು’ ಹಾಲಾದ ಹಾಗೆ, ‘ಪೂ’ ಹೂವಾದ ಹಾಗೆ. ನದಿಯ ಅರ್ಥದ ಹೊಳೆ ಬೇರೆ ಪದ. ಅದು ನಾಮಪದ, ಮಲಯಾಳದ ‘ಪುೞ’ ಅದರ ನಂಟ. ಎರಡೂ ಕೂಡಿದಾಗ ಗೊಂದಲ ಆಗದಿರಲು ರೂಪಗಳೇ ಕಾಯುತ್ತವೆ: ಹೊಳೆಯ, ಹೊಳೆಗೆ, ಹೊಳೆಯಲ್ಲಿ ಎಂದರೆ ನದಿ, ಹೊಳೆಯುವ, ಹೊಳೆದ, ಹೊಳೆದು ಎಂದರೆ ಬೆಳಕು.

ಕ್ರಿಯಾರೂಪಗಳು ಎಕಾರಾಂತ ಧಾತುಗಳ ದಾರಿಯಲ್ಲೇ ನಡೆಯುತ್ತವೆ: ಹೊಳೆಯುತ್ತದೆ, ಹೊಳೆಯಿತು, ಹೊಳೆದವು, ಹೊಳೆಯಲಿಲ್ಲ, ಹೊಳೆಯದ. ‘ಹೊಳೆಯಿತು’ ಬಾಯಲ್ಲಿ ‘ಹೊಳೀತು’ ಆಗುತ್ತದೆ. ಬರಹದಲ್ಲಿ ಆಗಾಗ ಕಾಣುವ ‘ಹೊಳೆಯಿದ’, ‘ಹೊಳೆಯಿದರು’ ತಪ್ಪು. ‘ಮಿನುಗಿದ’ದ ಜಾಡಿನಲ್ಲಿ ಇದನ್ನೂ ಎಳೆದದ್ದರಿಂದ ಆಗುವ ಎಡವಟ್ಟು ಅದು.

ಹೊಳೆಯಬೇಕಾದರೆ ಮೇಲ್ಮೈ ನಯವಾಗಿರಬೇಕು. ನಯವಾದ ಮೇಲ್ಮೈ ಬೆಳಕನ್ನು ಒಂದೇ ದಿಕ್ಕಿಗೆ ಮರಳಿಸುತ್ತದೆ, ಒರಟಾದದ್ದು ದಿಕ್ಕಾಪಾಲು ಚೆದುರಿಸುತ್ತದೆ. ಹಾಗಾಗಿ ಇಟ್ಟಿಗೆ ಕೆಂಪಾಗಿರಬಹುದು, ಹೊಳೆಯದು. ಅದೇ ಇಟ್ಟಿಗೆ ಮಳೆಯಲ್ಲಿ ತೊಯ್ದರೆ ಹೊಳೆಯುತ್ತದೆ. ನೀರಿನ ಪೊರೆ ಒರಟು ಗುಂಡಿಗಳನ್ನು ತುಂಬಿ ಮೇಲ್ಮೈಯನ್ನು ನುಣುಪಾಗಿಸಿರುತ್ತದೆ.

ಈ ಪದದ ಇನ್ನೊಂದು ಬದುಕು ತಲೆಯೊಳಗಿನದು. ಉಪಾಯ ಹೊಳೆಯುತ್ತದೆ, ಉತ್ತರ ಹೊಳೆಯುತ್ತದೆ, ಮರೆತ ಹೆಸರು ತಟ್ಟನೆ ಹೊಳೆಯುತ್ತದೆ. ಇಲ್ಲಿ ಕನ್ನಡದ ವಾಕ್ಯರಚನೆ ಸ್ವಾರಸ್ಯಕರ. ಹೊಳೆಯುವುದು ಉಪಾಯ, ಮನುಷ್ಯನದ್ದು ‘-ಗೆ’ ಹಚ್ಚಿಕೊಂಡು ಪಕ್ಕದಲ್ಲಿ ನಿಲ್ಲುವ ಪಾತ್ರ. ‘ಅವಳಿಗೆ ಒಂದು ಉಪಾಯ ಹೊಳೆಯಿತು.’ ಉಪಾಯದ ಶ್ರೇಯಸ್ಸನ್ನು ಭಾಷೆ ಅವಳಿಗೆ ಪೂರ್ತಿ ಬಿಟ್ಟುಕೊಡುವುದಿಲ್ಲ; ಅದು ತಾನಾಗಿ ಬಂದು ಹೊಳೆದದ್ದು. ‘ಅವಳು ಉಪಾಯವನ್ನು ಹೊಳೆದಳು’ ಎಂಬುದು ಕನ್ನಡವೇ ಅಲ್ಲ. ಅವಳೇ ಮಾಡಿದ್ದೆಂದು ಹೇಳಬೇಕಿದ್ದರೆ ಬೇರೆ ಕ್ರಿಯಾಪದ ಬೇಕು: ಉಪಾಯ ಹೂಡಿದಳು, ಉಪಾಯ ಹುಡುಕಿದಳು.

‘ಹೊಳಪು’ ಮತ್ತು ‘ಹೊಳಹು’ ಈ ಎರಡು ಬದುಕಿನ ಎರಡು ನಾಮಪದಗಳು. ನೆಲಕ್ಕೆ, ಕೂದಲಿಗೆ, ಬೂಟಿಗೆ ಇರುವುದು ಹೊಳಪು. ಮನಸ್ಸಿನಲ್ಲಿ ಅರೆಗಳಿಗೆ ಕಂಡು ಹೋಗುವ ಅರಿವು ಹೊಳಹು. ‘ಈ ಲೇಖನ ಹೊಸ ಹೊಳಪು ನೀಡುತ್ತದೆ’ ಎಂದರೆ ಲೇಖನಕ್ಕೆ ಪಾಲಿಶ್ ಹಾಕಿದಂತೆ ಕೇಳುತ್ತದೆ; ಬರೆದವರ ಮನಸ್ಸಿನಲ್ಲಿದ್ದದ್ದು ಹೊಳಹು.

ಮಿನುಗು: ಅಲುಗುವ ಬೆಳಕು

ಮಿನುಗುವುದಕ್ಕೆ ಎರಡು ಷರತ್ತು. ಬೆಳಕು ಸಣ್ಣದಾಗಿರಬೇಕು, ಚುಕ್ಕಿಯಂತೆ. ಮತ್ತು ಅದು ಅಲುಗುತ್ತಿರಬೇಕು, ಈಗ ಹೆಚ್ಚು ಈಗ ಕಡಿಮೆ. ಎರಡರಲ್ಲಿ ಒಂದು ತಪ್ಪಿದರೂ ಪದ ಸಡಿಲವಾಗುತ್ತದೆ. ಸೂರ್ಯ ಮಿನುಗದಿರುವುದು ಮೊದಲ ಷರತ್ತಿನಿಂದ, ಟ್ಯೂಬ್‌ಲೈಟ್ ಮಿನುಗದಿರುವುದು ಎರಡರಿಂದಲೂ. (ಕೆಟ್ಟ ಟ್ಯೂಬ್‌ಲೈಟ್ ಪಟಪಟನೆ ಹೊತ್ತಿ ಆರುತ್ತದೆ, ಅದನ್ನೂ ಯಾರೂ ಮಿನುಗುವುದು ಎನ್ನುವುದಿಲ್ಲ. ಮಿನುಗಿನಲ್ಲಿ ಸ್ವಲ್ಪ ಚೆಲುವೂ ಇರಬೇಕೇನೋ.)

ಆಕಾಶ ನೋಡಿದರೆ ಈ ಪದ ಎಷ್ಟು ಕರಾರುವಾಕ್ಕಾಗಿದೆ ಎಂಬುದು ತಿಳಿಯುತ್ತದೆ. ನಕ್ಷತ್ರ ಮಿನುಗುತ್ತದೆ, ಗ್ರಹ ಹೊಳೆಯುತ್ತದೆ. ಇದು ಕವಿಸಮಯವಲ್ಲ. ನಕ್ಷತ್ರ ಎಷ್ಟು ದೂರದಲ್ಲಿದೆ ಎಂದರೆ ನಮ್ಮ ಕಣ್ಣಿಗೆ ಅದು ಅಗಲವಿಲ್ಲದ ಒಂದು ಚುಕ್ಕಿ. ಅದರ ಬೆಳಕಿನ ತೆಳುವಾದ ಎಳೆ ವಾತಾವರಣದ ಬಿಸಿ ಗಾಳಿ, ತಂಪು ಗಾಳಿಯ ಸುಳಿಗಳನ್ನು ದಾಟಿ ಬರುವಾಗ ಕ್ಷಣಕ್ಷಣಕ್ಕೂ ಅತ್ತಿತ್ತ ಬಾಗುತ್ತದೆ. ಬಾಗಿದಾಗಲೆಲ್ಲ ಕಣ್ಣಿಗೆ ಬೀಳುವ ಬೆಳಕು ಹೆಚ್ಚುಕಡಿಮೆಯಾಗುತ್ತದೆ. ಗ್ರಹ ಹತ್ತಿರದಲ್ಲಿರುವುದರಿಂದ ಸಣ್ಣದಾದರೂ ಒಂದು ಬಿಲ್ಲೆ. ಬಿಲ್ಲೆಯ ಒಂದು ಬಿಂದುವಿನ ಬೆಳಕು ಕುಗ್ಗುವಾಗ ಇನ್ನೊಂದರದ್ದು ಹಿಗ್ಗಿ, ಒಟ್ಟು ಬೆಳಕು ಹೆಚ್ಚುಕಡಿಮೆ ಸಮವಾಗಿ ನಿಲ್ಲುತ್ತದೆ. ದಿಗಂತದ ಬಳಿ ಬೆಳಕು ದಾಟಬೇಕಾದ ಗಾಳಿ ಹೆಚ್ಚು, ಆದ್ದರಿಂದ ಅಲ್ಲಿ ಮಿನುಗೂ ಹೆಚ್ಚು. ರಾತ್ರಿ ಆಕಾಶದ ಅತಿ ಪ್ರಕಾಶದ ನಕ್ಷತ್ರವಾದ ಲುಬ್ಧಕ ದಿಗಂತಕ್ಕೆ ಹತ್ತಿರವಿದ್ದಾಗ ಕೆಂಪು, ನೀಲಿ, ಹಸಿರು ಚೆಲ್ಲುತ್ತ ಮಿನುಗುವುದನ್ನು ಬರಿಗಣ್ಣಿನಲ್ಲೇ ನೋಡಬಹುದು. ಶುಕ್ರ ಹಾಗಲ್ಲ, ಬೆಳ್ಳಗೆ ನಿಂತು ಹೊಳೆಯುತ್ತದೆ. ಹಳ್ಳಿಯ ಮಾತಿನಲ್ಲಿ ಅದರ ಹೆಸರೇ ‘ಬೆಳ್ಳಿ’.

ವಜ್ರದ ಕಥೆಯೂ ಇದೇ. ವಜ್ರದ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ, ಸುಮಾರು 2.42; ಸಾಮಾನ್ಯ ಗಾಜಿನದು 1.5ರ ಆಸುಪಾಸು. ಹಾಗಾಗಿ ವಜ್ರದ ಒಳಹೊಕ್ಕ ಬೆಳಕು ಹಿಂಬದಿಯಿಂದ ಸುಲಭವಾಗಿ ತಪ್ಪಿಸಿಕೊಳ್ಳಲಾರದು. ಒಳಗೋಡೆಗಳಿಗೆ ಬಡಿದು ಬಡಿದು ಮೇಲಿನ ಮುಖದಿಂದ ಹೊರಬರುತ್ತದೆ. ಅದು ವಜ್ರದ ಹೊಳಪು. ಮಿನುಗು ಬೇರೆ. ಅಲುಗದ ವಜ್ರವನ್ನು ಅಲುಗದೆ ನೋಡಿದರೆ ಕೆಲವು ಮುಖ ಬೆಳ್ಳಗೆ, ಕೆಲವು ಕಪ್ಪಗೆ ಕಾಣುತ್ತವೆ, ಅಷ್ಟೇ. ಬೆರಳು ಸ್ವಲ್ಪ ತಿರುಗಿದೊಡನೆ ಬೆಳಗಿದ್ದ ಮುಖ ಕಪ್ಪಾಗಿ, ಕಪ್ಪಗಿದ್ದದ್ದು ಬೆಳಗುತ್ತದೆ. ಆಗ ಉಂಗುರ ‘ಮಿನುಗಿತು’. ಸೀರೆಯ ಚಮಕಿ, ಎಲೆಯ ತುದಿಯ ಮಂಜಿನ ಹನಿ, ಗಾಳಿಗೆ ನಡುಗುವ ಕೆರೆಯ ನೀರು, ಎಲ್ಲದರಲ್ಲೂ ಇದೇ ಲೆಕ್ಕ. ಗಾಳಿ ನಿಂತ ಕೆರೆ ಹೊಳೆಯುತ್ತದೆ, ಗಾಳಿ ಬೀಸಿದ ಕೆರೆ ಮಿನುಗುತ್ತದೆ.

ರೂಪಗಳು ಸರಳ: ಮಿನುಗುತ್ತದೆ, ಮಿನುಗಿತು, ಮಿನುಗಿದವು, ಮಿನುಗದು, ಮಿನುಗಲಿಲ್ಲ. ಧಾತುವೇ ನಾಮಪದವೂ ಆಗುತ್ತದೆ: ಕಣ್ಣಿನ ಮಿನುಗು, ನಗೆಯ ಮಿನುಗು. ಸಮಾಸದಲ್ಲಿ ‘ಮಿನುಗುತಾರೆ’ ಎಲ್ಲರಿಗೂ ಗೊತ್ತು; ನಟಿ ಕಲ್ಪನಾ ಅವರ ಹೆಸರಿನ ಜೊತೆ ಅದು ಬಿರುದಾಗಿ ಅಂಟಿಕೊಂಡಿದೆ.

ಇದರ ಕಿರಿಯ ತಮ್ಮ ‘ಮಿಣುಕು’. ಮಿನುಗಿನ ಚೆಲುವಿಲ್ಲ, ದುರ್ಬಲತೆ ಇದೆ. ಎಣ್ಣೆ ತೀರುತ್ತಿರುವ ಹಣತೆ ಮಿಣುಕುತ್ತದೆ, ದೂರದ ಒಂಟಿಮನೆಯ ದೀಪ ಮಿಣುಕುತ್ತದೆ. ಮಿಂಚುಹುಳಕ್ಕೆ ಮಿಣುಕುಹುಳ ಎಂಬ ಹೆಸರೂ ಇದೆ. ‘ಮಿಟುಕು’ ಮಾತ್ರ ಬೆಳಕಿನ ಪದವಲ್ಲ. ಅದು ರೆಪ್ಪೆಯ ಕೆಲಸ: ಕಣ್ಣು ಮಿಟುಕಿಸಿದ. ‘ನಕ್ಷತ್ರ ಮಿಟುಕಿತು’ ಎಂದು ಬರೆಯುವವರು ನಕ್ಷತ್ರವನ್ನು ಕಣ್ಣೆಂದು ಭಾವಿಸಿದ್ದರೆ ಸರಿ; ಇಲ್ಲದಿದ್ದರೆ ‘ಮಿನುಗು’ ಎಂದೇ ಬರೆಯಬೇಕು.

ಮಿಂಚು: ಒಂದು ರೂಪ, ಎರಡು ಪದ

ಮಿನುಗು, ಮಿಂಚು ಒಂದೇ ಬೇರಿನವು. ತಮಿಳಿನ ‘ಮಿನ್ನು’, ‘ಮಿನ್ನಲ್’, ಮಲಯಾಳದ ‘ಮಿನ್ನುಗ’, ‘ಮಿನ್ನಲ್’ ಕೂಡ ಅದೇ ಕುಟುಂಬ. ಭಾಷಾವಿಜ್ಞಾನಿಗಳಾದ ಬರೋ ಮತ್ತು ಎಮೆನೋ 1961ರಲ್ಲಿ ಹೊರತಂದು 1984ರಲ್ಲಿ ಪರಿಷ್ಕರಿಸಿದ ದ್ರಾವಿಡ ವ್ಯುತ್ಪತ್ತಿ ನಿಘಂಟು ಇವನ್ನೆಲ್ಲ ಒಂದೇ ಗುಂಪಿನಲ್ಲಿ ಇಡುತ್ತದೆ. ತಮಿಳು ಕರೆಂಟಿಗೆ ಈ ಬೇರಿನಿಂದಲೇ ‘ಮಿನ್‌ಸಾರಂ’ ಎಂದಿತು. ಕನ್ನಡ ಸಂಸ್ಕೃತದ ‘ವಿದ್ಯುತ್’ ಹಿಡಿಯಿತು. ಅದರಲ್ಲಿರುವ ‘ದ್ಯುತ್’ ಧಾತುವಿಗೂ ಹೊಳೆಯುವುದು ಎಂದೇ ಅರ್ಥ, ‘ದ್ಯುತಿಸಂಶ್ಲೇಷಣೆ’ಯ ದ್ಯುತಿಯೂ ಅದೇ. ಈಚೆಗೆ ಇಮೇಲಿಗೆ ‘ಮಿಂಚಂಚೆ’ ಎಂಬ ಹೆಸರು ಬಂದ ಮೇಲೆ ಕನ್ನಡದ ಮಿಂಚೂ ತಂತಿಯೊಳಗೆ ಸೇರಿತು.

ಮಿಂಚಿನ ಗುಟ್ಟು ಕ್ಷಣಿಕತೆ. ಫಳ್ಳನೆ ಬಂದು ಹೋಗುವುದು. ಆಟದ ಪುಟದ ತಲೆಬರಹಗಳಲ್ಲಿ ಆಟಗಾರರು ‘ಮಿಂಚುವುದು’ ಅದಕ್ಕೇ ಒಪ್ಪುತ್ತದೆ: ಆ ಪಂದ್ಯದ ಆ ಹೊತ್ತಿನ ಆಟ ಅದು. ಆದರೆ ಐವತ್ತು ವರ್ಷ ಪಾಠ ಹೇಳಿದ ಮೇಷ್ಟರ ಬಗ್ಗೆ ‘ಶಿಕ್ಷಣ ಕ್ಷೇತ್ರದಲ್ಲಿ ಮಿಂಚಿದರು’ ಎಂದರೆ, ಹೊಗಳಲು ಹೋಗಿ ಅವರ ಐವತ್ತು ವರ್ಷವನ್ನು ಒಂದು ಕ್ಷಣಕ್ಕೆ ಇಳಿಸಿದಂತೆ. ಅಲ್ಲಿ ‘ಬೆಳಗಿದರು’ ಬೇಕು. ಬೆಂಗಳೂರಿನ ಹುಡುಗರ ‘ಫುಲ್ ಮಿಂಚಿಂಗ್’ ಮಾತ್ರ ಪದದ ಅರ್ಥಕ್ಕೆ ಸರಿಯಾಗಿಯೇ ಇದೆ. ಹೊಸ ಅಂಗಿ ತೊಟ್ಟ ದಿನದ ಮಟ್ಟಿಗೆ ಆ ಮಿಂಚು.

ಈಗ ಎರಡನೆಯ ಮಿಂಚು. ‘ಕಾಲ ಮಿಂಚಿಹೋಯಿತು’, ‘ಮಿಂಚಿದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ’. ಇಲ್ಲಿ ಬೆಳಕಿನ ಸುಳಿವೇ ಇಲ್ಲ. ಈ ಮಿಂಚು ಮಿಗು, ಮಿಕ್ಕು, ಮೀರುಗಳ ಗುಂಪಿನದು. ಹದ್ದು ದಾಟಿತು, ಕೈಮೀರಿತು ಎಂಬ ಅರ್ಥ. ರೂಪ ಎರಡಕ್ಕೂ ಒಂದೇ ಆದ್ದರಿಂದ ಗೊತ್ತು ಹಿಡಿಯಲು ಕರ್ತೃವನ್ನು ನೋಡಬೇಕು. ಕಾಲ, ಹೊತ್ತು, ಕೆಲಸ, ಮಾತು ಮಿಂಚಿದರೆ ಮೀರಿತೆಂದು ಅರ್ಥ. ಕಣ್ಣು, ಕತ್ತಿ, ಒಡವೆ, ಆಟಗಾರ ಮಿಂಚಿದರೆ ಹೊಳೆಯಿತೆಂದು. ಹೊಸದಾಗಿ ಕನ್ನಡ ಕಲಿಯುವವರು ‘ಕಾಲ ಮಿಂಚಿದೆ’ ಎಂಬುದನ್ನು ‘ಒಳ್ಳೆಯ ಕಾಲ ಬಂದಿದೆ’ ಎಂದು ತಿಳಿದುಕೊಳ್ಳುವುದು ಇಲ್ಲಿಂದಲೇ.

ಬೆಳಗು

ಇದರ ಮೂಲದಲ್ಲಿರುವುದು ಬಿಳುಪು. ಬಿಳಿ, ಬೆಳ್ಳಿ, ಬೆಳಕು, ಬೆಳದಿಂಗಳು ಎಲ್ಲ ಒಂದೇ ಬಳ್ಳಿಯ ಕಾಯಿ. ಬೆಳಗುವ ವಸ್ತು ತಾನು ಕಾಣುವುದರ ಜೊತೆಗೆ ಸುತ್ತಲಿನದನ್ನೂ ಕಾಣಿಸುತ್ತದೆ. ಮಿನುಗುವ ನಕ್ಷತ್ರ ಕೋಣೆಯನ್ನು ಬೆಳಗದು, ಮೂಲೆಯ ಹಣತೆ ಬೆಳಗುತ್ತದೆ.

ಹೊಳೆ, ಮಿನುಗು, ಮಿಂಚು ಅಕರ್ಮಕಗಳು, ಅವುಗಳಿಗೆ ‘ಏನನ್ನು’ ಎಂಬ ಪ್ರಶ್ನೆ ಇಲ್ಲ. ಬೆಳಗು ಎರಡೂ ಕಡೆ ನಿಲ್ಲುತ್ತದೆ. ದೀಪ ಬೆಳಗಿತು, ಆರತಿ ಬೆಳಗಿದರು, ಮನೆತನದ ಹೆಸರು ಬೆಳಗಿದಳು. ಪಾತ್ರೆ ತಿಕ್ಕುವುದಕ್ಕೂ ಹಲವೆಡೆ ‘ಪಾತ್ರೆ ಬೆಳಗು’ ಎನ್ನುತ್ತಾರೆ. ಬೂದಿ, ಹುಣಸೆಹಣ್ಣಿನಿಂದ ಹಿತ್ತಾಳೆ ತಿಕ್ಕಿದ ಕೈಗಳಿಗೆ ಆ ಮಾತು ಏಕೆಂದು ಬಿಡಿಸಿ ಹೇಳಬೇಕಿಲ್ಲ.

ಕೋರೈಸು: ಕಣ್ಣು ಸೋಲುವ ಜಾಗ

‘ಕೋರೈಸು’ ಒಂಟಿಯಾಗಿ ಬರುವುದು ತೀರ ಕಡಿಮೆ. ಅದರ ಪಕ್ಕದಲ್ಲಿ ಕಣ್ಣು ಇದ್ದೇ ಇರುತ್ತದೆ. ಕಣ್ಣು ಕೋರೈಸುವ ಬೆಳಕು. ಬೆಳಕಿಗೆ ಕಣ್ಣು ಕೋರೈಸಿತು. ಬೆಳಕು ಕಣ್ಣನ್ನು ಕೋರೈಸಿತು. ಮೂರೂ ಸರಿ. ಎರಡನೆಯದರಲ್ಲಿ ಕಣ್ಣೇ ಕರ್ತೃ, ಮೂರನೆಯದರಲ್ಲಿ ಅದು ಕರ್ಮ. ‘ದೀಪಗಳು ಕೋರೈಸುತ್ತಿದ್ದವು’ ಎಂಬ ವಾಕ್ಯಕ್ಕೆ ಮಾತ್ರ ಒಂದು ಕಾಲು ಕುಂಟು. ಯಾವುದನ್ನು ಎಂಬುದೇ ಅಲ್ಲಿಲ್ಲ. ಕಾಗುಣಿತದಲ್ಲಿ ‘ಕೋ’ ದೀರ್ಘ, ‘ಕೊರೈಸು’ ತಪ್ಪು.

ಕೋರೈಸಿದಾಗ ಕಣ್ಣಿನಲ್ಲಿ ಆಗುವುದೇನು? ಕತ್ತಲೆಗೆ ಒಗ್ಗಿದ ಕಣ್ಣಿನ ಪಾಪೆ ಅಗಲವಾಗಿ ತೆರೆದಿರುತ್ತದೆ. ಎದುರಿನ ವಾಹನದ ಹೈಬೀಮ್ ಬಿದ್ದೊಡನೆ ಬೆಳಕಿನ ಒಂದು ಪಾಲು ಕಣ್ಣೊಳಗೇ ಚೆದುರಿ, ಅಕ್ಷಿಪಟಲದ ಮೇಲೆ ಬಿಳಿ ಪರದೆ ಎಳೆದಂತಾಗುತ್ತದೆ. ಹಿಂದಿರುವ ರಸ್ತೆ, ಮನುಷ್ಯ, ಹಸು ಎಲ್ಲ ಆ ಪರದೆಯಲ್ಲಿ ಕರಗುತ್ತವೆ. ಪಾಪೆ ಬೇಗನೆ ಕಿರಿದಾಗುತ್ತದೆ, ಆದರೆ ಬೆಳಕಿಗೆ ಬಿಳಚಿಕೊಂಡ ಕಣ್ಣಿನ ವರ್ಣದ್ರವ್ಯ ಮತ್ತೆ ತುಂಬಿಕೊಳ್ಳಲು ಹೊತ್ತು ಬೇಕು. ಪ್ರಖರ ಬೆಳಕಿನಿಂದ ಪೂರ್ಣ ಕತ್ತಲೆಗೆ ಕಣ್ಣು ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಹಿಡಿಯುತ್ತದೆ. ಕೋರೈಸುವುದು ಎಂದರೆ ಇದು: ಬೆಳಕು ಹೆಚ್ಚಾಗಿ, ಅದರಿಂದಲೇ ಕಾಣದಂತಾಗುವುದು. ‘ಕಣ್ಣು ಕೋರೈಸುವ ಮಂದ ಬೆಳಕು’ ಎಂಬಂಥ ವಾಕ್ಯ ಆದ್ದರಿಂದಲೇ ನಿಲ್ಲದು.

‘ಕಣ್ಣು ಕುಕ್ಕು’ ಇದಕ್ಕಿಂತ ಒರಟು. ಕುಕ್ಕುವುದು ಕೋಳಿಯ ಕೊಕ್ಕಿನ ಕೆಲಸ, ಪದದಲ್ಲೇ ಚುಚ್ಚು ಇದೆ. ಬೆಳಕಿಗಿಂತ ಹೆಚ್ಚಾಗಿ ಬಣ್ಣಕ್ಕೆ, ಆಡಂಬರಕ್ಕೆ ಅದು ಹೊಂದುತ್ತದೆ: ಕಣ್ಣು ಕುಕ್ಕುವ ಹಳದಿ, ಕಣ್ಣು ಕುಕ್ಕುವಷ್ಟು ಒಡವೆ. ಹೇಳುವವರ ದನಿಯಲ್ಲಿ ಮೆಚ್ಚುಗೆಯೋ ಹೊಟ್ಟೆಕಿಚ್ಚೋ ತಿಳಿಯಬೇಕಾದರೆ ಮುಂದಿನ ವಾಕ್ಯಕ್ಕೆ ಕಾಯಬೇಕು. ‘ಕಂಗೊಳಿಸು’ ಇದರ ಪಕ್ಕಾ ಎದುರು. ಕಣ್ಣು ಮತ್ತು ಕೊಳ್ಳು ಸೇರಿ, ಸಂಧಿಯಲ್ಲಿ ಕಕಾರ ಗಕಾರವಾಗಿ ಆದ ಪದ ಅದು. ಕಂಬನಿ, ಕಂಗೆಡುಗಳಲ್ಲಿರುವ ‘ಕಣ್’ ಇಲ್ಲಿಯೂ ಇದೆ. ಕಣ್ಣನ್ನು ಸೆಳೆದು ತನ್ನದಾಗಿಸಿಕೊಳ್ಳುವುದು ಎಂಬುದು ಒಳಗಿನ ಅರ್ಥ. ಅದಕ್ಕೆ ಬೆಳಕೇ ಬೇಕೆಂದಿಲ್ಲ. ಹಸಿರು ಗದ್ದೆಯೂ ಕಂಗೊಳಿಸುತ್ತದೆ. ‘ಕಣ್ಣಿಗೆ ಕಂಗೊಳಿಸುತ್ತಿತ್ತು’ ಎಂದು ಬರೆದರೆ ಕಣ್ಣು ಎರಡು ಸಲ ಬಂದಂತೆ.

ತಳತಳ, ಪಳಪಳ, ಮಿರಮಿರ: ಸದ್ದಿಲ್ಲದ್ದಕ್ಕೆ ಸದ್ದು ಕೊಟ್ಟವು

ಶಾಲೆಯ ವ್ಯಾಕರಣದಲ್ಲಿ ಅನುಕರಣಾವ್ಯಯ ಎಂದು ಓದಿದ್ದೇವೆ. ದಬದಬ, ಚಟಚಟ, ಪಟಪಟ. ಕಿವಿಗೆ ಬಿದ್ದ ಸದ್ದಿನ ನಕಲು. ಆದರೆ ಬೆಳಕಿಗೆ ಸದ್ದಿಲ್ಲವಲ್ಲ, ತಳತಳ ಎಂದು ಯಾವುದರ ನಕಲು? ಕಣ್ಣಿನ ಅನುಭವವನ್ನು ನಾಲಿಗೆಗೆ ಹೊಂದಿಸಿಕೊಂಡದ್ದು, ಅಷ್ಟೇ. ಆದರೂ ಬಳಕೆ ಎಷ್ಟು ಖಚಿತ ಎಂದರೆ ಅದಲುಬದಲು ಮಾಡಿದ ಕೂಡಲೇ ಕಿವಿ ತಕರಾರು ಎತ್ತುತ್ತದೆ.

ನಿಗಿನಿಗಿ ಎಂದರೆ ಕೆಂಡ, ಬೂದಿ ಊದಿದಾಗ ಕಾಣುವ ಕೆಂಪು. ಧಗಧಗ ಎಂದರೆ ನಾಲಗೆ ಚಾಚಿದ ಬೆಂಕಿ. ಕೆಂಡ ಧಗಧಗಿಸದು, ಬಣವೆಗೆ ಬಿದ್ದ ಬೆಂಕಿ ನಿಗಿನಿಗಿ ಎನ್ನದು. ಮಿರಮಿರ ಎನ್ನುವುದು ಎಣ್ಣೆ ಕುಡಿದ ಕಪ್ಪಿಗೆ: ಬಾಚಿ ಕಟ್ಟಿದ ಜಡೆ, ಮೈತೊಳೆದ ಎಮ್ಮೆ, ಹೊಸ ಬೂಟು. ಪಳಪಳ ಗಟ್ಟಿ, ಬಿಳಿ, ಲೋಹದ ಹೊಳಪಿಗೆ: ಸ್ಟೀಲ್ ಲೋಟ, ಹಲ್ಲು, ಹೊಸ ನಾಣ್ಯ. ತಳತಳ ಇನ್ನೂ ಅಗಲ. ಬಿಸಿಲಿಗೆ ನೀರು, ತೊಳೆದ ನೆಲ, ಬೆಳಗಿದ ತಾಮ್ರದ ಕೊಡ. ಮಿಣಮಿಣ ಸಣ್ಣ, ಬಡ ದೀಪಕ್ಕೆ. ಝಗಮಗ ಒಂಟಿ ದೀಪಕ್ಕೆ ಬರುವುದಿಲ್ಲ, ಅದಕ್ಕೆ ದೀಪಗಳ ಗುಂಪು ಬೇಕು. ಹಿಂದಿ, ಮರಾಠಿಗಳಲ್ಲೂ ಇರುವ ಪದ ಅದು.

ಸ್ವರಗಳಿಗೆ ಕಿವಿಗೊಟ್ಟರೆ ಒಂದು ಒಲವು ಕಾಣುತ್ತದೆ. ಇಕಾರವಿರುವ ಮಿಣ, ಮಿನು, ಮಿರ ಸಣ್ಣ ಅಥವಾ ನುಣುಪಾದ ಬೆಳಕಿನ ಕಡೆಗೆ. ಬಾಯಿ ತೆರೆದು ಹೇಳುವ ತಳ, ಪಳ, ಧಗ, ಝಗ ಅಗಲವಾದ, ಜೋರಾದ ಬೆಳಕಿನ ಕಡೆಗೆ. ಇದನ್ನು ನಿಯಮ ಎನ್ನಲಾಗದು. ನಿಗಿನಿಗಿಯಲ್ಲಿ ಇರುವುದೆಲ್ಲ ಇಕಾರವೇ, ಕೆಂಡವೋ ಕೈ ಸುಡುತ್ತದೆ.

ಜೋಡಿ ಎಂದರೆ ಮುಂದುವರಿಯುವ ಕ್ರಿಯೆ, ಒಂಟಿ ಎಂದರೆ ಒಮ್ಮೆ. ಫಳಫಳ ಹೊಳೆಯುತ್ತಿತ್ತು, ಆದರೆ ಫಳ್ಳನೆ ಮಿಂಚಿತು. ‘ಆಕಾಶದಲ್ಲಿ ಒಂದು ಮಿಂಚು ಫಳಫಳ ಹೊಳೆಯಿತು’ ಎಂಬಲ್ಲಿ ‘ಒಂದು’ ಮತ್ತು ‘ಫಳಫಳ’ ಜಗಳ ಆಡುತ್ತವೆ.

ಪಳಪಳವೋ ಫಳಫಳವೋ, ತಳತಳವೋ ಥಳಥಳವೋ? ಎರಡೂ ಬಳಕೆಯಲ್ಲಿವೆ. ಒಂದು ಬರಹದಲ್ಲಿ ಒಂದನ್ನೇ ಹಿಡಿದರೆ ಸಾಕು. ಇಲ್ಲೊಂದು ಸೋಜಿಗ: ಪೊಳೆ ಹೊಳೆಯಾದಾಗ, ಪಾಲು ಹಾಲಾದಾಗ ಪಳಪಳ ಮಾತ್ರ ತನ್ನ ಪಕಾರ ಬಿಡಲಿಲ್ಲ. ಪಟಪಟ, ಪಿಸುಪಿಸುಗಳದ್ದೂ ಅದೇ ಹಟ. ಅನುಕರಣದ ಪದಗಳಿಗೆ ಸದ್ದೇ ಅರ್ಥ, ಸದ್ದು ಕಳೆದುಕೊಂಡರೆ ಅವುಗಳ ಕೈಯಲ್ಲಿ ಉಳಿಯುವುದೇನು?

‘ಇಸು’ ಎಲ್ಲಿ ಕೈಕೊಡುತ್ತದೆ

ಅತಿ ಹೆಚ್ಚು ತಪ್ಪು ನಡೆಯುವ ಜಾಗ ಇದು. ಕನ್ನಡದ ‘-ಇಸು’ ಪ್ರತ್ಯಯಕ್ಕೆ ಎರಡು ಬೇರೆ ಬೇರೆ ಉದ್ಯೋಗ. ಈಗಾಗಲೇ ಕ್ರಿಯಾಪದವಾಗಿರುವುದಕ್ಕೆ ಹತ್ತಿದರೆ ‘ಮಾಡುವಂತೆ ಮಾಡು’ ಎಂಬ ಪ್ರೇರಣೆ: ಮಿನುಗು–ಮಿನುಗಿಸು, ಬೆಳಗು–ಬೆಳಗಿಸು. ಕ್ರಿಯಾಪದವಲ್ಲದ್ದಕ್ಕೆ ಹತ್ತಿದರೆ ಅದನ್ನು ಬರೀ ಕ್ರಿಯಾಪದವಾಗಿಸುತ್ತದೆ: ತಳತಳ–ತಳತಳಿಸು, ಝಗಮಗ–ಝಗಮಗಿಸು, ಶೋಭೆ–ಶೋಭಿಸು, ಪ್ರಕಾಶ–ಪ್ರಕಾಶಿಸು. ಈ ಎರಡನೆಯ ಗುಂಪಿನಲ್ಲಿ ಪ್ರೇರಣೆಯಿಲ್ಲ. ಕೊಡ ತಾನೇ ತಳತಳಿಸುತ್ತದೆ. ಕೊಡವನ್ನು ಯಾರೂ ತಳತಳಿಸಲಾರರು.

‘ಪಾತ್ರೆಗಳನ್ನು ತಳತಳಿಸಿ ಇಟ್ಟಳು’ ಎಂಬುದನ್ನು ‘ಪಾತ್ರೆಗಳನ್ನು ತಳತಳ ಹೊಳೆಯುವಂತೆ ತಿಕ್ಕಿ ಇಟ್ಟಳು’ ಎಂದು ತಿದ್ದಬೇಕು. ‘ಈ ಸಾಬೂನು ನಿಮ್ಮ ಚರ್ಮವನ್ನು ಕಂಗೊಳಿಸುತ್ತದೆ’ ಎಂಬ ಜಾಹೀರಾತಿನ ಧಾಟಿಯೂ ಹಾಗೆಯೇ ತಪ್ಪು. ಕಂಗೊಳಿಸುವುದು ಚರ್ಮ, ಸಾಬೂನಿನ ಕೆಲಸ ‘ಕಂಗೊಳಿಸುವಂತೆ ಮಾಡುವುದು’. ‘ಹೊಳೆಯಿಸು’ ವ್ಯಾಕರಣಕ್ಕೆ ಒಪ್ಪಿದರೂ ಆಡುವವರಿಲ್ಲ. ‘ಹೊಳೆಯುವಂತೆ ಮಾಡು’, ‘ಹೊಳಪು ಕೊಡು’ ಎನ್ನುವುದೇ ರೂಢಿ. ಪ್ರಕಾಶಕರೂ ಈ ಬಲೆಗೆ ಬೀಳಬಾರದು: ಅವರು ಪುಸ್ತಕವನ್ನು ಪ್ರಕಟಿಸುತ್ತಾರೆ, ಪ್ರಕಾಶಿಸುವುದಾದರೆ ಅದು ಪುಸ್ತಕಕ್ಕೆ ಸೇರಿದ್ದು, ಪ್ರಕಾಶಕರಿಗಲ್ಲ.

ಇನ್ನೊಂದು ಸಣ್ಣ ಎಚ್ಚರಿಕೆ. ‘ತಳತಳನೆ ತಳತಳಿಸಿತು’ ಬೇಡ. ಅವ್ಯಯ ಬಂದರೆ ಕ್ರಿಯಾಪದ ಬೇರೆಯಿರಲಿ: ತಳತಳನೆ ಹೊಳೆಯಿತು. ಇಲ್ಲವೇ ‘ತಳತಳಿಸಿತು’ ಒಂದೇ ಸಾಕು.

ಸಂಸ್ಕೃತದಿಂದ ಬಂದವು

ಶೋಭಿಸು, ರಾಜಿಸು, ಪ್ರಕಾಶಿಸು, ಪ್ರಜ್ವಲಿಸು. ಇವುಗಳ ದನಿ ಸಭೆಯದು, ಅಡುಗೆಮನೆಯದಲ್ಲ. ಲೋಟ ಶೋಭಿಸುವುದಿಲ್ಲ, ಸಿಂಹಾಸನ ಶೋಭಿಸುತ್ತದೆ. ಗಮನಿಸಬೇಕಾದದ್ದು ದೇದೀಪ್ಯಮಾನ, ಜಾಜ್ವಲ್ಯಮಾನ, ರಾರಾಜಿಸು ಎಂಬ ಮೂರನ್ನು. ದೀಪ್, ಜ್ವಲ್, ರಾಜ್ ಎಂಬ ಧಾತುಗಳ ಮೊದಲ ದನಿಯನ್ನೇ ಎರಡು ಸಲ ಹೇಳಿ ತೀವ್ರತೆ ತರುವ ಸಂಸ್ಕೃತದ ಪದ್ಧತಿ ಇವುಗಳಲ್ಲಿದೆ. ಕನ್ನಡ ಇಡೀ ಪದವನ್ನೇ ಎರಡು ಸಲ ಹೇಳಿ ತಳತಳ ಎನ್ನುತ್ತದೆ, ಸಂಸ್ಕೃತ ಅಕ್ಷರವನ್ನಷ್ಟೇ. ಬೆಳಕು ಜಾಸ್ತಿಯಾದಾಗ ಎರಡೂ ಭಾಷೆ ತೊದಲಿದವು ಎನ್ನಬಹುದು.

ಈ ಲೆಕ್ಕ ಗೊತ್ತಿದ್ದರೆ ಕಾಗುಣಿತವೂ ನೆನಪಿರುತ್ತದೆ. ಮೊದಲು ಬರುವುದು ಬರೀ ‘ಜಾ’, ಆಮೇಲೆ ಧಾತುವಿನ ‘ಜ್ವ’: ಜಾಜ್ವಲ್ಯಮಾನ. ಅಲ್ಲಲ್ಲಿ ಕಾಣುವ ‘ಜ್ವಾಜಲ್ಯಮಾನ’ ತಪ್ಪು. ಮತ್ತು ಇವುಗಳಲ್ಲಿ ತೀವ್ರತೆ ಒಳಗೇ ಇರುವುದರಿಂದ ‘ಅತ್ಯಂತ ದೇದೀಪ್ಯಮಾನವಾಗಿ’ ಎಂದು ಮೇಲೊಂದು ಮಾಲೆ ಹಾಕಬೇಕಿಲ್ಲ.

ಕೆಲವು ವಾಕ್ಯಗಳ ದುರಸ್ತಿ

‘ಅಮಾವಾಸ್ಯೆಯ ರಾತ್ರಿ ನಕ್ಷತ್ರಗಳು ಕಣ್ಣು ಕೋರೈಸುತ್ತಿದ್ದವು.’ ಯಾವ ನಕ್ಷತ್ರಕ್ಕೂ ಅಷ್ಟು ಬಲವಿಲ್ಲ. ‘ಮಿನುಗುತ್ತಿದ್ದವು’ ಸಾಕು.

‘ಕೊಲೆಗಾರನ ಕೈಯಲ್ಲಿ ಚಾಕು ಮಿನುಗಿತು.’ ಮಿನುಗಿನಲ್ಲಿರುವ ಚೆಲುವು ಇಲ್ಲಿನ ಭಯವನ್ನು ಕೊಲ್ಲುತ್ತದೆ. ಚಾಕು ಒಮ್ಮೆ ಬೆಳಕಿಗೆ ಸಿಕ್ಕಿ ಮರೆಯಾದರೆ ‘ಫಳ್ಳನೆ ಮಿಂಚಿತು’, ಅವನು ಹಿಡಿದು ನಿಂತೇ ಇದ್ದರೆ ‘ಹೊಳೆಯುತ್ತಿತ್ತು’.

‘ಮಗುವಿನ ಕಣ್ಣುಗಳು ಪಳಪಳ ಹೊಳೆದವು.’ ಪಳಪಳ ಲೋಹದ್ದು; ಕಣ್ಣು ಒದ್ದೆ, ಚಲಿಸುವಂಥದ್ದು. ಸಂತೋಷಕ್ಕಾದರೆ ‘ಮಿನುಗಿದವು’, ತುಂಟ ಯೋಚನೆ ಬಂದಿದ್ದರೆ ‘ಮಿಂಚಿದವು’, ನೀರು ತುಂಬಿದ್ದರೆ ‘ತಳತಳಿಸಿದವು’.

‘ಹೊಳೆಯುವುದೆಲ್ಲ ಚಿನ್ನವಲ್ಲ.’ ಇದು ಇಂಗ್ಲಿಷಿನಿಂದ ಇಳಿದುಬಂದ ಗಾದೆ. ಅದೇ ಅರ್ಥಕ್ಕೆ ಕನ್ನಡದಲ್ಲಿ ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಇತ್ತು. ಆದರೆ ಅನುವಾದಿಸಿದವರ ಕಿವಿ ಚುರುಕಾಗಿತ್ತು. ಮಿನುಗು, ಮಿಂಚು ಎರಡನ್ನೂ ಬಿಟ್ಟು, ನಿಂತ ಮೇಲ್ಮೈಯ ಬೆಳಕಿಗೆ ಸಲ್ಲುವ ‘ಹೊಳೆ’ಯನ್ನೇ ಎತ್ತಿಕೊಂಡರು.

ಮೊದಲಿನ ಬಾಟಲಿಯ ನೀರು? ಅದರಲ್ಲಿ ಬೆಳಕಿನ ಮಾತೇ ಇಲ್ಲ, ಇರುವುದು ಅನಿಲ. ಅದು ಗುಳ್ಳೆನೀರು, ಸೋಡಾ ನೀರು. ಈ ಲೇಖನದ ಒಂದು ಪದವೂ ಅದಕ್ಕೆ ಬೇಕಾಗುವುದಿಲ್ಲ.